ಸುಣ್ಣಕ್ಕೆ ಬಿದ್ದ ಹುಳುಗಳು

ಮೈಸೂರು, 12-9-1999

ಅವ್ವಾ, ಇದನ್ನು ಚಂದ್ರಣ್ಣನ ಕೈಲಿ ಓದಿಸಿಕೊಂಡು ಜೋರಾಗಿ ನಗು. ಈ ಲ್ಯಾಬಿನಲ್ಲೂ ನನಗೆ ರೇಷ್ಮೆಹುಳು ಮೇಯಿಸುವ ಕೆಲಸವೇ. ನಿನ್ನೆ ನಾಲ್ಕು ಹುಳು ಹಾಲುರೋಗ ಬಂದು ಹಳದಿಯಾಗಿ ಊದಿದ್ದವು. ನಮ್ಮ ಮೊಳಕಾಲ್ಮೂರಿನಲ್ಲಿ ಮಾಡುವಂತೆ ತಕ್ಷಣ ಸುಣ್ಣದಲ್ಲಿ ಹೂತುಬಿಟ್ಟೆ. ಮೇಡಂ ತಲೆ ಮೇಲೆ ಕೈಹೊತ್ತು ಕೂತರು. ಆ ರೋಗದ ವೈರಸ್ಸನ್ನು ಮಾರ್ಪಡಿಸಿ ಅವರೇ ಹುಳುವಿಗೆ ಚುಚ್ಚಿದ್ದರಂತೆ! ನಮ್ಮ ಕುರಿಗಳನ್ನು ಕೊಲ್ಲುವ ನೀಲಿನಾಲಿಗೆ ವೈರಸ್ಸಿನ ಒಂದು ಪ್ರೋಟೀನು ಈಗ ಹುಳುವಿನೊಳಗೆ ತಯಾರಾಗುತ್ತದೆ. ಅದರಿಂದ ಕುರಿಗಳಿಗೆ ಲಸಿಕೆ ಮಾಡಲು ನೋಡುತ್ತಿದ್ದಾರೆ. "ಬಣ್ಣ ನೋಡೇ ಹೇಳ್ತೀನ್ರಿ, ಇನ್ನೂ ಆರು ರೋಗದ ಹುಳ ಅವೆ" ಅಂದೆ. ಪರೀಕ್ಷಿಸಿದರೆ ಆರರಲ್ಲೂ ಆ ಪ್ರೋಟೀನು ಇತ್ತು! ಈಗ ಅಂಥ ಹುಳು ಆರಿಸುವ ಕೆಲಸ ನನ್ನದೇ. ಮೈ ಹುಷಾರಾಗಿದೆ, ಊಟ ಸಪ್ಪೆ, ಚಟ್ನಿಪುಡಿ ಕಳಿಸು. ಮನೆಯ ಹುಳುವಿಗೆ ಮಾತ್ರ ಸುಣ್ಣ ತಪ್ಪಿಸಬೇಡ.

ರೋಗದ ಹುಳು ಕಂಡರೆ ಕುಣಿಯುವ ನಿನ್ನ ಮಗಳು,
ಬೋರಮ್ಮ