ಒಂಬತ್ತನೆಯ ಕೀಬೋರ್ಡ್

ಜುಲೈ 8, 2024, ಸೋಮವಾರ

ಯಲ್ಲಾಪುರ. ಎಂದಿನಂತೆ ಸರ್ವರ್ ಆನ್ ಮಾಡಿದ್ದು, ಧೂಳು ಒರೆಸಿದ್ದು, ಹೆಡ್‌ಫೋನ್ ಹಂಚಿದ್ದು. ನಮ್ಮ ಅಂಧರ ತರಬೇತಿ ಕೇಂದ್ರಕ್ಕೆ ಯಾರೋ ದಾನ ಕೊಟ್ಟ ಬ್ರೈಲ್ ಕೀಬೋರ್ಡ್ ಒಂಬತ್ತು. ನಡೆಯುವುದು ಎಂಟು. ಒಂಬತ್ತನೆಯದು ಹಾಕಿದರೆ ಅದನ್ನು ಸಿಕ್ಕಿಸಲು ಖಾಲಿ ಪೋರ್ಟ್ ಇಲ್ಲವಂತೆ! ಮೇಜುಗಳಿಂದ ಸರ್ವರ್‌ಗೆ ಎಲ್ಲ ಬರುವುದು ನೆಟ್‌ವರ್ಕ್ ಮೇಲೆ, ವರ್ಚುವಲ್ ಯುಎಸ್‌ಬಿ ಡ್ರೈವರ್ ಎಂಬ ತಂತ್ರಾಂಶದ ಮೂಲಕ. ನಿಜವಾದ ತೂತೇ ಇಲ್ಲದ ಕಡೆ ಜಾಗ ಮುಗಿಯಿತು ಅಂದರೆ ಯಾವ ನ್ಯಾಯ?

ಒಂಬತ್ತನೆಯವಳು ಹೊನ್ನಿ. ಅರಬೈಲಿನಿಂದ ತಾಯಿ ದುರ್ಗಮ್ಮನ ಜೊತೆ ಬಸ್ಸಿಗೆ ಬರುತ್ತಾಳೆ. ಹಿಂದೆ ಕೂತು ಬರೀ ಮೇಜಿನ ಮೇಲೆ ಬೆರಳು ಆಡಿಸುತ್ತಾಳೆ.

"ಅಕ್ಕೋರೇ, ಎಂಟಾದ್ಮೇಲೆ ಒಂಬತ್ತು ಬರೂದಿಲ್ವಾ?"

ಕೇಂದ್ರದ ಕಾರ್ಯದರ್ಶಿ ನಾಗಪತಿಯವರನ್ನು ಕೇಳಿದೆ.

"ಕಂಪ್ಯೂಟರೇ ತಗೊಳ್ಳೂದಿಲ್ಲ ಅಂದ್ರೆ ನಾನೆಂತ ಮಾಡ್ಲಿ ಮಾರಾಯ್ತಿ? ಬರೂ ಸೋಮವಾರ ಪರೀಕ್ಷೆಗೆ ಹೆಸ್ರು ಕಳಸ್ಬೇಕು. ಕೀಬೋರ್ಡ್ ಸಿಕ್ಕಿದವ್ರದ್ದು ಮಾತ್ರ."

ಎಷ್ಟು ಆರಾಮಾಗಿ ಹೇಳಿದರು!

ಜುಲೈ 10, ಮಧ್ಯಾಹ್ನ

ಸಿಕ್ಕಿತು. ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ ಒಂದೇ ಸಾಲು. ಪೋರ್ಟ್ ಎಷ್ಟು ಎಂಬಲ್ಲಿ 8 ಅಂತ ಇದೆ, 15ರವರೆಗೂ ಹಾಕಬಹುದು. ಅಷ್ಟೇ! ಎಲ್ಲೋ ಯಾರೋ ಎಂಟು ಸಾಕು ಅಂದುಕೊಂಡರು — ಇಲ್ಲಿ ಈ ಹುಡುಗಿ ತಿಂಗಳಿಡೀ ಮೇಜು ಕುಟ್ಟಿದಳು. ಮೈಯೆಲ್ಲ ಉರಿಯಿತು. ಆ ಸಾಲು ಬದಲಿಸಿ ಡ್ರೈವರನ್ನು ಹೊಸದಾಗಿ ಕಂಪೈಲ್ ಮಾಡಲು ಕೂತರೆ ಎರರ್ ಮೇಲೆ ಎರರ್. ಕರೆಂಟೂ ಹೋಯಿತು.

ಜುಲೈ 11

ಆಯಿತು! ಒಂಬತ್ತನೆಯದನ್ನು ಹಾಕಿದೆ, ತಕರಾರಿಲ್ಲದೆ ತಗೊಂಡಿತು. ದುರ್ಗಮ್ಮನಿಗೆ ಫೋನ್ ಮಾಡಿದೆ. ನಾಗಪತಿಯವರಿಗೂ ಹೇಳಿದೆ. "ಭೇಷ್ ವಾಣಿಶ್ರೀ" ಅಂದರು. ಖುಷಿಯಾಯಿತು, ಸುಳ್ಳು ಯಾಕೆ.

ಜುಲೈ 12

ಒಂಬತ್ತನೆಯ ಕೀಬೋರ್ಡಿನ ಕುರ್ಚಿಯಲ್ಲಿ ಉಲ್ಲಾಸ. ನಾಗಪತಿಯವರ ತಂಗಿಯ ಮಗ. ಚಷ್ಮಾ ಇದೆ, ಅಷ್ಟೇ. ಶಿರಸಿಯಿಂದ ತಾನೇ ಬೈಕ್ ಓಡಿಸಿಕೊಂಡು ಬಂದಿದ್ದಾನೆ!

"ಅಂವಂಗೂ ದೃಷ್ಟಿ ಸ್ವಲ್ಪ ಕಮ್ಮಿಯೇಯ. ಸರ್ಟಿಫಿಕೇಟ್ ಇದ್ರೆ ಉಪಯೋಗಕ್ಕೆ ಬರ್ತದೆ."

"ಹೊನ್ನಿ ಸಲುವಾಗಿ ಮಾಡಿದ್ದು ರೀ ಅದನ್ನ!" ಸಿಟ್ಟು ಬಂದರೆ ನನ್ನ ಬಾಯಲ್ಲಿ ಬನವಾಸಿ ಕಡೆಯ ಮಾತೇ ಬರುತ್ತದೆ.

"ಅವ್ಳದ್ದು ಮುಂದಿನ್ ಬ್ಯಾಚಿಗೆ ನೋಡ್ವ."

ಹೊನ್ನಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ತಾಯಿಯ ಸೆರಗು ಹಿಡಿದು ತಿರುಗಿ ಹೋದಳು. ಡ್ರೈವರ್‌ನ ಮೇಲೆ ಸುಮ್ಮನೆ ಸಿಟ್ಟು ಮಾಡಿದೆ. ಅದಕ್ಕಾದರೂ ಹೊನ್ನಿ ಯಾರೆಂದು ಗೊತ್ತಿರಲಿಲ್ಲ.

ಜುಲೈ 15, ಸೋಮವಾರ

ನಾನೇ ಫೋನ್ ಮಾಡಿ ಹೊನ್ನಿಯನ್ನು ಕರೆಸಿದೆ. ಉಲ್ಲಾಸನಿಗೆ ಗೊತ್ತಾಗದಂತೆ ಸರ್ವರ್‌ನಲ್ಲೇ ಅವನ ಕೀಬೋರ್ಡಿನ ಸಂಪರ್ಕ ತಪ್ಪಿಸಿದೆ. "ಇದು ಸತ್ತೋಯ್ತು" ಅಂತ ಅವನು ಚಹಾಕ್ಕೆ ಹೋದ. ಹೊನ್ನಿಯನ್ನು ಕೂರಿಸಿ ಮತ್ತೆ ಜೋಡಿಸಿದೆ. ತನ್ನ ಹೆಸರು ಟೈಪ್ ಮಾಡಿದಳು, ಕಂಪ್ಯೂಟರ್ ಓದಿ ಹೇಳಿತು. ಎಂಥ ನಗು!

ಪರೀಕ್ಷೆಯ ಹೆಸರು ಹೋಗುವುದು ನನ್ನ ಲಾಗಿನ್‌ನಿಂದ. ಉಲ್ಲಾಸನದ್ದು ತೆಗೆದು ಅವಳದ್ದು ಹಾಕಿದ್ದೇನೆ. ಸೈಟ್ ತಿರುಗುತ್ತಿದೆ, ತಿರುಗುತ್ತಿದೆ... ನಾಗಪತಿ ಒಳಗೆ ಬಂದರು.

"ಯಾರನ್ನ ಕೇಳಿ ಕೂರ್ಸಿದ್ದು? ಏಳ್ಸು ಅವ್ಳನ್ನ!"

ಏಳಿಸುವುದಿಲ್ಲ. ಕೆಲಸದಿಂದ ತೆಗೆಯಲಿ ಬೇಕಾದರೆ. ಸಬ್ಮಿಟ್ ಬಟನ್ ಈಗ ಬಂತು, ಮೊದಲು ಇದನ್ನು ಒತ್ತುತ್ತೇನೆ.