ತಡಿಗೇ ಎಂಬ ಕೂಗು

ಬೋಳುಕುದ್ರು,
ಇಸವಿ ೨೧೯೪, ಫೆಬ್ರವರಿ ಮೂವತ್ತು

ಕಡಲ ಬದಿಯ ನಮ್ಮ ಹಿರಿಯರಿಗೆ ಮೂಕಾಂಬು ಮರಕಾಲಳ ನಮಸ್ಕಾರಗಳು.

ತಾರೀಕು ತಪ್ಪಾಗಿದೆ ಎಂದುಕೊಳ್ಳಬೇಡಿ. ತಿಂಗಳುಗಳ ಲೆಕ್ಕವನ್ನು ನನ್ನ ಮುತ್ತಜ್ಜಿಯ ಕಾಲದಲ್ಲಿ ಬದಲಿಸಿದರು. ನಿಮ್ಮ ಬಡಪಾಯಿ ಫೆಬ್ರವರಿಗೂ ಕೊನೆಗೆ ಮೂವತ್ತನೆಯ ದಿನ ದಕ್ಕಿತು. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತ ಅನ್ನಿಸಬಹುದು, ಕ್ಷಮಿಸಿ. ಕಾಗದವನ್ನು ಹಿಂದಿನ ಕಾಲಕ್ಕೆ ತಲುಪಿಸುತ್ತೇವೆ ಎಂದವರು ಅದು ಹೇಗೆ ಎಂದು ವಿವರಿಸಲಿಲ್ಲ. ಅವರನ್ನೂ ನಾನು ಪೂರ್ತಿ ನಂಬಿಲ್ಲ. ಆದರೂ ಬರೆಯುತ್ತಿದ್ದೇನೆ. ಊರಿನ ಮಾತುಗಳನ್ನು ಪ್ರವಾಸಿಗರಿಗೆ ಕಲಿಸುವ ರೂಢಿ ನಿಮ್ಮ ಕಾಲದಲ್ಲೇ ಶುರುವಾಯಿತು ಎಂದು ಕೇಳಿದ್ದೇನೆ.

ಕುದ್ರು ಎಂದರೆ ದ್ವೀಪ ಎಂಬುದು ನಿಮಗೆ ಗೊತ್ತು. ಆದರೆ ನಿಮ್ಮ ಕಾಲದಲ್ಲಿ ಬೋಳುಕುದ್ರು ಎಂಬ ಕುದ್ರುವೇ ಇರಲಿಲ್ಲ. ಅಳಿವೆಯ ಪಕ್ಕ ದನ ಮೇಯುತ್ತಿದ್ದ ಒಂದು ಗುಡ್ಡ ಇತ್ತು. ಕಡಲು ಏರಿತು, ಕೆಳಗಿನ ಕೇರಿಗಳು ಮುಳುಗಿದವು, ಗುಡ್ಡದ ನೆತ್ತಿ ಉಳಿಯಿತು. ನಾವು ಆ ನೆತ್ತಿಯ ಮೇಲಿದ್ದೇವೆ. ಮನೆಗಳು ಕಂಬದ ಮೇಲೆ ನಿಂತಿವೆ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗದ ಭತ್ತ ನಮ್ಮ ಅನ್ನ. ಕುಡಿಯುವ ನೀರನ್ನು ‘ಬೆವರುಗುಡಾಣ’ ಕೊಡುತ್ತದೆ; ಅದು ಹಗಲೆಲ್ಲ ಬಿಸಿಲಿನಲ್ಲಿ ಕಡಲನೀರನ್ನು ಬೆವರಿಸಿ, ಸಂಜೆಗೆ ಸಿಹಿನೀರು ಇಳಿಸುವ ದೊಡ್ಡ ಗಾಜಿನ ಪಾತ್ರೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಮುಂದೆ ಉದ್ದನೆಯ ಮರಳುದಿಬ್ಬ ಮೇಲೇಳುತ್ತದೆ. ಹೆಂಗಸರೆಲ್ಲ ಬುಟ್ಟಿ ಹಿಡಿದು ಅಲ್ಲಿಗೆ ನಡೆದು ಚಿಪ್ಪು ಹೆಕ್ಕುತ್ತೇವೆ. ದಡದಲ್ಲಿ ಒಬ್ಬಳು ಮಾತ್ರ ಕಡಲು ನೋಡುತ್ತ ನಿಲ್ಲಬೇಕು. ನಮ್ಮಲ್ಲಿ ಆ ಕೆಲಸ ನನ್ನ ಅಪ್ಪನ ಅಕ್ಕ ಅಕ್ಕಣಿಯತ್ತೆಯದು.

ಗಾಳಿಯಿಲ್ಲದ, ಮೋಡವಿಲ್ಲದ ದಿನವೂ ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ತೆರೆ ಇಲ್ಲಿಗೆ ಬಂದು ದಿಬ್ಬವನ್ನು ನುಂಗುವುದುಂಟು. ಅದಕ್ಕೆ ನಾವು ಕಳ್ಳತೆರೆ ಎನ್ನುತ್ತೇವೆ. ಅದರ ಗುರುತು ಕಂಡ ಕೂಡಲೇ ಅತ್ತೆ ಎರಡೂ ಕೈ ಮೇಲೆತ್ತಿ “ತಡಿಗೇ...” ಎಂದು ಕೂಗುತ್ತಿದ್ದಳು. ತಡಿ ಎಂದರೆ ದಡ. ಇದ್ದದ್ದನ್ನು ಬಿಟ್ಟು ದಡಕ್ಕೆ ಓಡಿ ಎಂದು ಅರ್ಥ. ಕೊನೆಯ ಅಕ್ಷರವನ್ನು ಎಷ್ಟು ಬೇಕಾದರೂ ಎಳೆಯಬಹುದಾದ್ದರಿಂದ ಆ ಕೂಗು ಅಷ್ಟು ದೂರ ಹೋಗುತ್ತದೆ. ಬೇರೆ ಯಾವ ಮಾತೂ ದಿಬ್ಬದ ತುದಿಯವರೆಗೆ ಮುಟ್ಟುವುದಿಲ್ಲ. ಕೂಗು ಕೇಳಿದವರು ಬುಟ್ಟಿಯನ್ನೂ ಎತ್ತಿಕೊಳ್ಳುತ್ತಿರಲಿಲ್ಲ.

ತನ್ಮಯ ಶೇರೆಗಾರ ನಮ್ಮಲ್ಲಿಗೆ ಬಂದದ್ದು ಒಂದು ಬೇಸಿಗೆಯಲ್ಲಿ. ದ್ವೀಪಗಳಿಗೆ ರಜೆಯ ಜನರನ್ನು ಕರೆತರುವ ವಿಹಾರ ಕಂಪೆನಿಯವನು. ತೆಳ್ಳಗೆ, ನಗುಮುಖ, ಯಾರ ಮನೆಯ ಗಂಜಿಯನ್ನೂ ಬೇಡ ಎನ್ನದವನು. ತನ್ನ ಅಜ್ಜಿ ಇದೇ ಕರಾವಳಿಯವಳು ಎಂದ. ಯಾವ ಕೇರಿ ಎಂದು ನಾನು ಕೇಳಿದರೆ, ಮುಳುಗಿದ ಕೇರಿ ಎಂದ. ಮುಳುಗಿದ ಕೇರಿಗೆ ಹೋಗಿ ವಿಚಾರಿಸುವುದು ಹೇಗೆ? ಅವತ್ತಿನಿಂದ ನನ್ನ ಕಣ್ಣು ಅವನ ಮೇಲೆಯೇ ಇತ್ತು.

ಅವನಿಗೆ ಬೇಕಿದ್ದದ್ದು ನಮ್ಮ ಮಾತು. ಬರುವ ಅತಿಥಿಗಳು ಕಿವಿಯಲ್ಲಿ ‘ಕಿವಿಮಣಿ’ ಹಾಕಿಕೊಳ್ಳುತ್ತಾರೆ. ಮುತ್ತಿನಷ್ಟೇ ಗಾತ್ರದ ಅದು, ಎದುರಿನವರ ಮಾತಿನ ಅರ್ಥವನ್ನು ಅವರವರ ಭಾಷೆಯಲ್ಲಿ ಪಿಸುಗುಡುತ್ತದೆ. ಅದಕ್ಕೆ ಕುದ್ರುವಿನ ಮಾತು ತುಂಬಬೇಕು, ಅತಿಥಿಗಳೂ ನಾಲ್ಕು ಮಾತು ಕಲಿತು ಆಡಬೇಕು, ಆಗಲೇ ರಜೆಗೊಂದು ರುಚಿ ಎಂಬುದು ಅವನ ವಾದ. ಅತ್ತೆಯ ಜಗಲಿಯಲ್ಲಿ ಕುಳಿತು ಅವಳು ಆಡಿದ್ದನ್ನೆಲ್ಲ ಮಣಿಗೆ ಕೇಳಿಸುತ್ತಿದ್ದ.

“ಅತ್ತೆ, ಅವ್ನ್ ಹತ್ರ ಎಲ್ಲ ಹೇಳ್ಬೇಡಿ,” ಎಂದೆ ನಾನು.

“ಎಂತ ಆತ್ತ್ ಹೆಣೆ? ಹೇಳಿರೆ ಮಾತ್ ಖಾಲಿ ಆತ್ತಾ?” ಎಂದು ಅತ್ತೆ ನಕ್ಕಳು. ಅವಳಿಗೆ ಒಳಗೊಳಗೇ ಹೆಮ್ಮೆ. ಮನೆಯ ಮಕ್ಕಳೇ ಬೇಸರದಿಂದ ಕೇಳುತ್ತಿದ್ದ ಮಾತನ್ನು ಹೊರಗಿನವನೊಬ್ಬ ಬಾಯಿ ತೆರೆದು ಕೇಳುತ್ತಿದ್ದನಲ್ಲ.

ಒಂದು ದಿನ ದಡದ ಕಡೆಯಿಂದ ಬಂದ ಅತ್ತೆಯ ಕೂಗು ಅವನ ಕಿವಿಗೆ ಬಿತ್ತು. ಆಮೇಲೆ ಅವನಿಗೆ ಬೇರೆ ಮಾತೇ ಬೇಡವಾಯಿತು. “ಅಕ್ಕಣಿಯಮ್ಮ, ಎಷ್ಟು ಚೆಂದ ಇದೆ! ಅದನ್ನು ಇನ್ನೊಮ್ಮೆ ಹೇಳಿ.”

ಅತ್ತೆ ನಗು ನಿಲ್ಲಿಸಿದಳು. “ಹ್ವಾಯ್, ಅದ್ ಮನಿಯಗೆ ಕೂಕಂಡ್ ಹೇಳು ಮಾತಲ್ಲ. ನೀರಗಿದ್ದರ್ಗೆ ಕೂಗೂದ್. ಅದ್ ಬಿಡಿ.”

ಅವನು ತಲೆಯಾಡಿಸಿದ, ಒಪ್ಪಿದಂತೆಯೇ ಕಂಡಿತು. ಮುಂದಿನ ಬೇಸಿಗೆಯ ಮೊದಲ ಹಾಯಿಹಡಗು ಜೆಟ್ಟಿಗೆ ಬಂದಾಗ ಅದರ ಮೇಲಿದ್ದ ಅಷ್ಟೂ ಜನ ಎರಡೂ ಕೈ ಎತ್ತಿ “ತಡಿಗೇ...” ಎಂದರು. ನಾವು ಬೆಚ್ಚಿಬಿದ್ದು ಕಡಲು ನೋಡಿದೆವು. ಕಡಲು ಸುಮ್ಮನಿತ್ತು. ಅವರು ನಮಗೆ ನಮಸ್ಕಾರ ಹೇಳಿದ್ದರು. ಕಂಪೆನಿ ಆ ಕೂಗಿಗೆ ‘ನಮ್ಮ ದಡಕ್ಕೆ ಸುಸ್ವಾಗತ’ ಎಂಬ ಅರ್ಥ ಕಟ್ಟಿ ಎಲ್ಲರ ಕಿವಿಮಣಿಗೂ ತುಂಬಿತ್ತು.

ಅತ್ತೆ ತನ್ಮಯನನ್ನು ಜೆಟ್ಟಿಯಲ್ಲೇ ನಿಲ್ಲಿಸಿ ಬೈದಳು. ಅವನು ತಲೆ ತಗ್ಗಿಸಿ, ಬೇಡ ಎಂದು ತಾನೂ ಹೇಳಿದ್ದೆ, ಮೇಲಿನವರು ಕೇಳಲಿಲ್ಲ ಎಂದ. ಹೇಳಿದ್ದನೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಕುದ್ರುವಿನವರು ಸಭೆ ಸೇರಿದರು. ಹಾಯಿಹಡಗಿನ ಜೊತೆ ವೈದ್ಯರೂ ಬರತೊಡಗಿದ್ದರು, ಮಕ್ಕಳಿಗೆ ಪಾಠದವರು ಬಂದಿದ್ದರು. ಒಂದು ಮಾತಿಗೆ ಇಷ್ಟೆಲ್ಲ ಕಳೆದುಕೊಳ್ಳುವುದೇ ಎಂದು ಹೆಚ್ಚಿನವರು ಕೇಳಿದರು. ಬಂದವರು ದಿಬ್ಬಕ್ಕೆ ಹೋಗುವುದಿಲ್ಲವಲ್ಲ ಎಂದೂ ಒಬ್ಬರು ಹೇಳಿದರು. ಸಭೆ ಅಲ್ಲಿಗೆ ಮುಗಿಯಿತು.

ಬಂದವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಮಧ್ಯಾಹ್ನ ಎದ್ದು “ಉಂಡ್ರ್ಯಾ?” ಎಂದು ಬೆಕ್ಕನ್ನೂ ವಿಚಾರಿಸುತ್ತಿದ್ದರು. ಕಂಬಗಳ ನಡುವೆ ಕಟ್ಟಿದ ಬಲೆಯ ತೊಟ್ಟಿಲಲ್ಲಿ ಮಲಗಿ, ಏನೂ ಮಾಡದೆ ಇಡೀ ದಿನ ಕಡಲು ನೋಡುವುದರಲ್ಲಿ ಅಷ್ಟು ಸುಖ ಇದೆ ಎಂದು ಅವರಿಂದಲೇ ನಮಗೆ ಗೊತ್ತಾದದ್ದು. ಅತ್ತೆಯ ಮನೆಗೆ ಬಂದವರು ಗದಗದ ಕಡೆಯ ವಸುಧಾರಾ. ಬದುಕಿಡೀ ಗಾಳಿಯಂತ್ರದ ಕಂಬ ಹತ್ತಿ ರಿಪೇರಿ ಮಾಡಿದ ಹೆಂಗಸು, ಕಡಲು ನೋಡಿದ್ದು ಅದೇ ಮೊದಲು. ಮೊದಮೊದಲು ಅವರ ಮೇಲೂ ನನಗೆ ಅನುಮಾನವಿತ್ತು, ಇಷ್ಟೊಂದು ಪ್ರಶ್ನೆ ಯಾಕೆ ಎಂದು. ಆದರೆ ಅವರು ಬೆಳಿಗ್ಗೆ ಅತ್ತೆಯ ಜೊತೆ ಒಲೆಯ ಮುಂದೆ ಕುಳಿತರೆ ಮಧ್ಯಾಹ್ನದವರೆಗೂ ಇಬ್ಬರ ನಗು ಕೇಳುತ್ತಿತ್ತು.

“ಇನ್ನೊಂದ್ ಮಾತು ಕಲಸ್ರೀ ಅಕ್ಕಾರ,” ಎನ್ನುತ್ತಿದ್ದರು. “ಊರಿಗೆ ಹೋಗಿ ಗೆಳತ್ಯಾರ ಮುಂದ ಅಂದು ತೋರಸ್ತೀನಿ.”

“ಎಷ್ಟ್ ಕಲಿತ್ರಿ ವಸುಧಾರಕ್ಕ? ಇಲ್ಲೇ ಇದ್ಬಿಡಿ ಕಾಂಬ,” ಎನ್ನುತ್ತಿದ್ದಳು ಅತ್ತೆ.

ಇರುತ್ತಿದ್ದರೇನೋ. ಅವರ ರಜೆ ಇನ್ನೂ ಮುಗಿದಿರಲಿಲ್ಲ. ಆ ದಿನ ಇಳಿತ ಜಾಸ್ತಿಯಿತ್ತು, ದಿಬ್ಬ ಎಂದಿಗಿಂತ ಉದ್ದಕ್ಕೆ ಮೇಲೆದ್ದಿತ್ತು. ಕೆಲವು ಅತಿಥಿಗಳು ಚಿತ್ರ ತೆಗೆಯಲು ಅದರ ತುದಿಯವರೆಗೂ ಹೋದರು. ವಸುಧಾರಾ ಅತ್ತೆಗೆ ಹೇಳದೆ, ಚಿಪ್ಪು ಹೆಕ್ಕಿ ತಂದು ಅಚ್ಚರಿಪಡಿಸಬೇಕೆಂದು ಒಂದು ಪಾತ್ರೆ ಹಿಡಿದು ಅವರ ಹಿಂದೆ ಹೋಗಿದ್ದರು. ನಾವು ಹೆಂಗಸರು ಇತ್ತ ಬದಿಯಲ್ಲಿದ್ದೆವು. ಆಕಾಶ ತೊಳೆದಿಟ್ಟ ಹಾಗಿತ್ತು.

ಅತ್ತೆಯ ಕೂಗು ಬಂತು. ನಾವು ಓಡಿದೆವು. ತುದಿಯಲ್ಲಿದ್ದವರು ತಿರುಗಿ ನೋಡಿ, ಎರಡೂ ಕೈ ಮೇಲೆತ್ತಿ, ಸಂತೋಷದಿಂದ “ತಡಿಗೇ...” ಎಂದರು.

ಅತ್ತೆ ಮತ್ತೆ ಕೂಗಿದಳು. ಅವರು ಮತ್ತೆ ಉತ್ತರ ಕೊಟ್ಟರು. ನಾನು ದಡ ಮುಟ್ಟಿದವಳು ತಿರುಗಿ ನಿಂತು “ಬನ್ನಿ, ಬನ್ನಿ, ತೆರಿ ಬತ್ತ್!” ಎಂದು ಗಂಟಲು ಹರಿದುಕೊಂಡೆ, ನನ್ನ ಧ್ವನಿ ಅರ್ಧಕ್ಕೇ ಬಿದ್ದುಹೋಯಿತು. ಎಲ್ಲರೂ ದೋಣಿಗಳಿಗೆ ಓಡಿದೆವು. ಜೆಟ್ಟಿಯಲ್ಲಿದ್ದ ತನ್ಮಯನೂ ಚಪ್ಪಲಿ ಬಿಟ್ಟು ಬಂದು ನನ್ನ ದೋಣಿಗೆ ಹತ್ತಿದ. ಅಷ್ಟರಲ್ಲಿ ನೀರು ದಿಬ್ಬದ ನಡುವನ್ನು ಕತ್ತರಿಸಿಯಾಗಿತ್ತು. ಆಗ ಅವರಿಗೆ ಅರ್ಥವಾಯಿತು, ಆಗ ಕಿರುಚಿದರು. ಸಿಕ್ಕಿದವರನ್ನೆಲ್ಲ ಕೂದಲು ಹಿಡಿದು, ಬಟ್ಟೆ ಹಿಡಿದು ಎಳೆದುಕೊಂಡೆವು. ತನ್ಮಯ ನೀರಿಗೆ ಹಾರಿ ಒಬ್ಬ ಹುಡುಗಿಯನ್ನು ತಳ್ಳಿಕೊಟ್ಟ, ಅದನ್ನು ನಾನು ಇಲ್ಲ ಎನ್ನಲಾರೆ.

ವಸುಧಾರಾ ಎಲ್ಲರಿಗಿಂತ ಆಚೆಗಿದ್ದರು. ಪಾತ್ರೆಯನ್ನು ಮರಳಿನ ಮೇಲಿಟ್ಟು, ಕಲಿಸಿದ ಹಾಗೆಯೇ ಎರಡೂ ಕೈ ಎತ್ತಿ, ಅತ್ತೆಯ ಕಡೆಗೇ ಮುಖ ಮಾಡಿ ಕೂಗುತ್ತಿದ್ದರು. ಅವರನ್ನು ನಾನು ಕೊನೆಯದಾಗಿ ಕಂಡದ್ದು ಹಾಗೆ. ದೇಹ ಮರುದಿನ ಬಡಗಣ ಬಂಡೆಗಳ ಹತ್ತಿರ ಸಿಕ್ಕಿತು.

ಅತ್ತೆ ಬಹಳ ಕಾಲ ಒಲೆ ಹಚ್ಚಲಿಲ್ಲ. ನಾನೇ ಗಂಜಿ ಒಯ್ಯುತ್ತಿದ್ದೆ. “ನಾ ಕರಿತಾ ಇದ್ದೆ ಅಂದ್ಕಂಡ್ರ್ ಅವ್ರ್,” ಎಂದು ಒಮ್ಮೆ ಹೇಳಿದಳು.

ಮಳೆಗಾಲ ಕಳೆದ ಮೇಲೆ ತನ್ಮಯ ಬಂದ. ಕಂಪೆನಿ ಆ ಅರ್ಥವನ್ನು ಕಿವಿಮಣಿಯಿಂದ ತೆಗೆದುಹಾಕಿತ್ತು. ಆದರೆ ಜನರ ಬಾಯಿಂದ ತೆಗೆಯಲಾಗಿರಲಿಲ್ಲ. ಬೇರೆ ಊರುಗಳ ಊಟದ ಮನೆಗಳಲ್ಲೂ ಬಾಗಿಲಲ್ಲಿ ನಿಂತು “ತಡಿಗೇ” ಎನ್ನುವವರು ಹುಟ್ಟಿಕೊಂಡಿದ್ದರು. ನಾವು ಹೆಂಗಸರು ಆಗಲೇ ಇನ್ನೊಂದು ಕೂಗು ಮಾಡಿಕೊಂಡಿದ್ದೆವು. ಹಾಗೆ ಮಾಡಿಕೊಂಡಿದ್ದೇವೆ ಎಂಬುದು ಅವನಿಗೆ ಹೇಗೋ ತಿಳಿದಿತ್ತು.

“ಹೊಸ ಕೂಗು ಕೊಡುವುದಿಲ್ಲ ಎಂದರೆ ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ,” ಎಂದ. “ಆದರೆ ನಾಳೆ ಇನ್ನೊಬ್ಬರು ದಿಬ್ಬಕ್ಕೆ ಹೋದರೆ? ನಿಮ್ಮ ಕೂಗು ಅವರಿಗೆ ಗೊತ್ತಿಲ್ಲದಿದ್ದರೆ ಅವರೂ ಸಾಯುತ್ತಾರೆ, ಅಕ್ಕಣಿಯಮ್ಮ.”

ನಾನು ಬಾಗಿಲಲ್ಲೇ ನಿಂತು ಅವನ ಮುಖ ನೋಡುತ್ತಿದ್ದೆ. ಅವನು ಹೇಳಿದ್ದು ಸರಿಯಾಗಿತ್ತು, ಅದೇ ನನಗೆ ಹಿಡಿಸಲಿಲ್ಲ. ಅತ್ತೆ ಎದ್ದಳು.

“ಮಣಿ ತೆಗ್ದ್ ಇಲ್ಲ್ ಇಡಿ. ಬನ್ನಿ ನನ್ ಸಂಗ್ತಿ.”

ಅವನನ್ನು ದಿಬ್ಬಕ್ಕೆ ಕರೆದೊಯ್ದು ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿದಳು. ತೆರೆ ಹೇಗೆ ಕಾಲಡಿಯ ಮರಳನ್ನು ಎಳೆಯುತ್ತದೆ ಎಂದು ತೋರಿಸಿದಳು. ಆಮೇಲೆ ದಡಕ್ಕೆ ಬಂದು ಕೂಗಿದಳು. ಅವನು ಓಡಿ ಬಂದ, ಬಿದ್ದ, ಎದ್ದು ಮತ್ತೆ ಓಡಿದ. ಹಾಗೆ ಎಷ್ಟೋ ಸಲ ಮಾಡಿಸಿದಳು. ಕೊನೆಗೆ ಮರಳಿನಲ್ಲಿ ಕುಳಿತು ಅವನು ಅತ್ತ. ಅತ್ತೆ ಅವನ ಪಕ್ಕ ಕುಳಿತಳು. ಅವನ ಅಳು ನಿಲ್ಲುವವರೆಗೆ ಎದ್ದು ಹೋಗಲಿಲ್ಲ.

ಈಗ ನಮ್ಮಲ್ಲಿ ಹೀಗೆ ನಡೆಯುತ್ತದೆ. ದಿಬ್ಬ ನೋಡಬೇಕೆನ್ನುವ ಅತಿಥಿ ಕಿವಿಮಣಿ ತೆಗೆದಿಟ್ಟು, ನಮ್ಮ ಹೆಂಗಸೊಬ್ಬಳ ಕೈ ಹಿಡಿದು ನೀರಿಗೆ ಇಳಿಯಬೇಕು. ಕೂಗು ಕಲಿಯುವುದು ಅಲ್ಲೇ, ಓಡುವುದನ್ನು ಕಲಿಯುವುದೂ ಅಲ್ಲೇ. ಹಲವರಿಗೆ ಇದು ರಗಳೆ ಅನ್ನಿಸಿ ಜಗಲಿಯಲ್ಲೇ ಉಳಿಯುತ್ತಾರೆ. ಅವರಿಗೆ ಗಂಜಿ ಬಡಿಸುತ್ತೇವೆ, ಉಂಡ್ರ್ಯಾ ಎನ್ನುವುದನ್ನು ಕಲಿಸುತ್ತೇವೆ, ಅದಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಇದುವರೆಗೆ ದಿಬ್ಬದಲ್ಲಿ ಇನ್ನಾರ ಜೀವವೂ ಹೋಗಿಲ್ಲ.

ಆ ಹೊಸ ಕೂಗನ್ನು ಈ ಕಾಗದದಲ್ಲಿ ಬರೆಯುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ನಿಮ್ಮ ಜೊತೆ ಇನ್ನಾರು ಓದುತ್ತಾರೋ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಅತಿಥಿಗಳಿಗೆ ನಿಮ್ಮ ಊಟದ ಮಾತು ಕೊಡಿ, ನಗುವ ಮಾತು ಕೊಡಿ, ಬೈಗುಳ ಬೇಕಾದರೆ ಅದನ್ನೂ ಕೊಡಿ. ಜೀವ ಕಾಯುವ ಮಾತೊಂದನ್ನು ಯಾರಾದರೂ ಚೆಂದ ಇದೆ ಎಂದು ಕೇಳಿದರೆ, ಅದನ್ನು ಆಡುವ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ. ಬರಲು ಒಪ್ಪದಿದ್ದರೆ ಕೊಡಬೇಡಿ.

ತನ್ಮಯ ಕಂಪೆನಿ ಬಿಟ್ಟಿದ್ದಾನಂತೆ. ಪ್ರತಿ ಬೇಸಿಗೆ ಬಂದು ಅತ್ತೆಗೆ ಕಟ್ಟಿಗೆ ಒಡೆದುಕೊಟ್ಟು, ಅವಳು ದಡದಲ್ಲಿ ನಿಂತಾಗ ಪಕ್ಕದಲ್ಲಿ ನಿಲ್ಲುತ್ತಾನೆ. ಅತ್ತೆಯ ಕಣ್ಣು ಮಸುಕಾಗುತ್ತಿದೆ. ಮುಂದೆ ಆ ಜಾಗದಲ್ಲಿ ಅವನನ್ನೇ ನಿಲ್ಲಿಸೋಣ ಎನ್ನುತ್ತಾಳೆ. ನಾನು ಇನ್ನೂ ಹೂಂ ಎಂದಿಲ್ಲ. ನಾಳೆ ಹಾಯಿಹಡಗು ಬರುತ್ತದೆ. ಜನ ಇಳಿಯುವಾಗ ಅವರಲ್ಲಿ ಯಾರ ಬಾಯಲ್ಲಾದರೂ ನಮ್ಮ ಹೊಸ ಕೂಗು ಇದೆಯೇ ಎಂದು ಜೆಟ್ಟಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ, ತನ್ಮಯ ಅದನ್ನು ಯಾರಿಗೂ ಕೊಟ್ಟಿಲ್ಲ ಎಂದು ನಂಬಿ ಅತ್ತೆಗೆ ಹೂಂ ಎನ್ನುತ್ತೇನೆ.

ಕಡಲು ನೋಡಿಕೊಂಡು ಇರಿ.

ಇತಿ ನಿಮ್ಮ ಮನೆಯವಳೇ ಆದ,
ಮೂಕಾಂಬು