ಅಟ್ಲಾಸ್ ಅಂತ ಚೀಟಿ ಹಚ್ಚಿದ ಎಣ್ಣೆ

ಅಪ್ಪಾ,

ನೀವು ಹೋಗಿ ಎರಡು ವರ್ಷವಾಯಿತು, ಇದು ನಿಮ್ಮ ಕೈ ಸೇರುವುದಿಲ್ಲ. ಆದರೂ ಇವತ್ತು ನಮ್ಮ ಸುಗಂಧದೆಣ್ಣೆ ಅಂಗಡಿಯಲ್ಲಿ ನಡೆದದ್ದನ್ನು ನಿಮಗೇ ಹೇಳಬೇಕು.

ಬೆಳಿಗ್ಗೆ ನಮ್ಮ ಹಳೆಯ ಎಣ್ಣೆ ವ್ಯಾಪಾರಿ ಬಂದಿದ್ದ, ಅದೇ ಬೆಣ್ಣೆಯಂಥ ಮಾತಿನವನು. ಡಬ್ಬದ ಮೇಲೆ 'ಅಟ್ಲಾಸ್ ಸೀಡರ್' ಎಂಬ ಚೀಟಿ, ನಮ್ಮ ದೇವದಾರುವಿನ ಜಾತಿಯದೇ ಹೊರದೇಶದ ಮರದ ದುಬಾರಿ ಎಣ್ಣೆ. ಅವನ ನಗು ಯಾಕೋ ಸರಿಬರಲಿಲ್ಲ. ಕಾಗದದ ಪಟ್ಟಿ ಅದ್ದಿ ಮೂಸಿದೆ. ಅಟ್ಲಾಸ್ ಆಗಿದ್ದರೆ ಜೇನು ಸವರಿದ ಮರದ ಹಾಗಿರಬೇಕಿತ್ತು, ದೇವದಾರು ಆಗಿದ್ದರೆ ತುಸು ಹೊಗೆಯ ಹಾಗೆ. ಇದು ಆಗಷ್ಟೇ ಹೆರೆದ ಪೆನ್ಸಿಲ್ಲಿನ ವಾಸನೆ.

"ಇದು ವರ್ಜೀನಿಯಾ, ಸೀಡರ್ ಅಂತ ಮಾರೋ ಅಗ್ಗದ ಮರದ್ದು. ಬಟ್ಟೆ ಬೀರುವಿನ ನುಸಿಗೆ ಸಾಕು, ಅತ್ತರು ಮಾಡೋರಿಗೆ ಆಗಲ್ಲ," ಅಂದೆ.

ಅವನು ಸ್ವಲ್ಪವೂ ಬೆದರಲಿಲ್ಲ. "ನಿಮ್ಮಪ್ಪನೂ ಇದನ್ನೇ ಅಂದಿದ್ರು. ಅವರ ಮೂಗು ಕೆಟ್ಟಿದೆ ಅಂತ ನೀವೇ ಅಲ್ವಾ ಹೇಳಿದ್ದು?"

ಹೌದು, ಗಿರಾಕಿಗಳ ಎದುರಿಗೇ ಹೇಳಿದ್ದೆ. ಮರುದಿನದಿಂದ ನೀವು ಅಂಗಡಿಗೆ ಬರಲಿಲ್ಲ.

ಡಬ್ಬ ವಾಪಸು ಕಳಿಸಿ, ಅವನು ಹಿಂದೆ ಕೊಟ್ಟಿದ್ದ ಸೀಸೆಗಳನ್ನೆಲ್ಲ ಕಪಾಟಿನಿಂದ ಇಳಿಸಿ ಮೂಸಿದೆ. ಒಂದರಲ್ಲೂ ಅಟ್ಲಾಸ್ ಇಲ್ಲ, ಎಲ್ಲದರಲ್ಲೂ ಅದೇ ಪೆನ್ಸಿಲ್ಲಿನ ವಾಸನೆ. ಕೊನೆಯ ವರ್ಷ ಎಳ್ಳೆಣ್ಣೆಗೆ ಬೆರೆಸಿ ನಿಮ್ಮ ಮೊಣಕಾಲಿಗೆ ನಾನು ತಿಕ್ಕುತ್ತಿದ್ದದ್ದೂ ಈ ಸೀಸೆಗಳ ಎಣ್ಣೆಯನ್ನೇ. ನಾನು ಮುಚ್ಚಳ ತೆಗೆದ ಕೂಡಲೇ ನೀವು ಮುಖ ಆ ಕಡೆ ತಿರುಗಿಸುತ್ತಿದ್ದಿರಿ. ನೋವಿಗೆ ಅಂದುಕೊಂಡಿದ್ದೆ.